ಯೂಸುಫ್ ಅಧ್ಯಾಯದ ತಾತ್ಪರ್ಯವಿಚಾರ

೧. ವಿಷಯಪ್ರವೇಶ

ಕುರಾನಿನ ೧೧೪ ಅಧ್ಯಾಯಗಳಲ್ಲಿ ಹನ್ನೆರಡನೆಯದಕ್ಕೆ ‘ಯೂಸುಫ್’ ಎಂದು ಹೆಸರು. ಅಧ್ಯಾಯವನ್ನು ಅರಬ್ಬಿಯಲ್ಲಿ ‘ಸೂರಾ’ ಎಂದೂ, ಅದರೊಳಗಣ ಒಂದೊಂದು ವಾಕ್ಯವನ್ನು ‘ಆಯತ್’ ಎಂದೂ ಕರೆಯುವರು. ಈ ಸೂರಾದಲ್ಲಿ ೧೧೧ ಆಯತ್‌ಗಳಿವೆ. ಪ್ರವಾದಿ ಮುಹಮ್ಮದರು ಮಕ್ಕಾ ನಗರದಲ್ಲಿ ವಿರೋಧಿಗಳ ನಡುವೆ ಇದ್ದ ಕಾಲದಲ್ಲಿ ಇದು ಅವತರಿಸಿತೆಂಬುದು ಮುಸಲ್ಮಾನ ವಿದ್ವಾಂಸರ ಅಭಿಪ್ರಾಯ. ಮಿಕ್ಕ ಸೂರಾಗಳಲ್ಲಿ ಪೂರ್ವಪುರುಷರ ಕಥೆಗಳು ಉಪದೇಶದ ನಡುನಡುವೆ ದೃಷ್ಟಾಂತರೂಪವಾಗಿ ಚೆದುರಿಕೊಂಡಿರುವುವು. ಇದರಲ್ಲಾದರೋ ಒಬ್ಬನೇ ಪುರುಷನ ಚರಿತ್ರವು ಬಾಲ್ಯದಿಂದ ಅಭ್ಯುದಯದವರೆಗೆ ಎಡೆಬಿಡದೆ ನಿರೂಪಿತವಾಗಿದೆ. ಕಥೆಗಳಲ್ಲಿ ಇದು ಶ್ರೇಷ್ಠವೆಂದು ಸೂರಾವೇ ತನ್ನ ಮೂರನೆಯ ಆಯತ್‌ನಲ್ಲಿ ಹೇಳಿಕೊಂಡಿದೆ.

ಇಂತಹ ಕಥೆಯ ತಾತ್ಪರ್ಯವೇನೆಂಬುದೇ ಪ್ರಕೃತ ವಿಚಾರ. ಲೋಕದಲ್ಲಿ ಇದು ಯೂಸುಫ್–ಜುಲೈಖೆಯರ ಪ್ರೇಮಕಥೆಯೆಂದೇ ಪ್ರಸಿದ್ಧವಾಗಿದೆ. ಈ ಪ್ರಸಿದ್ಧಿಗೆ ಕಾರಣ ಪಾರಸಿಯ ಮಹಾಕವಿ ಜಾಮಿಯು ೧೪೮೩ರಲ್ಲಿ ರಚಿಸಿದ ಕಾವ್ಯ. ಜಾಮಿಗೂ ನಮ್ಮ ಬೀದರಿನಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನನಿಗೂ ಪತ್ರವ್ಯವಹಾರವಿದ್ದಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬಿಜಾಪುರದ ಹಾಶಿಮಿಯು ಇದೇ ಕಥೆಯನ್ನು ದಖನಿ ಭಾಷೆಯಲ್ಲಿ ಹಾಡಿದನು. ಸಂಸ್ಕೃತಜ್ಞರಿಗೆ ಇನ್ನೂ ಕೌತುಕಕರವಾದ ಸಂಗತಿಯೊಂದುಂಟು: ಕಾಶ್ಮೀರದ ಶ್ರೀವರಪಂಡಿತನು ೧೫೦೫ರಲ್ಲಿ ಜಾಮಿಯ ಕಾವ್ಯವನ್ನು ‘ಕಥಾಕೌತುಕ’ವೆಂಬ ಹೆಸರಿನಿಂದ ಸಂಸ್ಕೃತ ಪದ್ಯಗಳಿಗೆ ಇಳಿಸಿದನು. ಹೀಗೆ ಈ ಕಥೆಯು ಮೂರು ಭಾಷೆಗಳ ಕವಿಗಳ ಕೈಯಲ್ಲಿ ಶೃಂಗಾರಪ್ರಧಾನವಾಗಿ ಬೆಳೆದು, ಮೂಲಸೂರಾವನ್ನು ಓದುವವರ ಕಣ್ಣಿಗೂ ಅದೇ ಬಣ್ಣವನ್ನು ಹಚ್ಚಿಬಿಟ್ಟಿದೆ.

ಸೂರಾದ ತಾತ್ಪರ್ಯವು ಪ್ರೇಮವಲ್ಲ. ಸತ್ಯವು ನಿರ್ಣಯವಾದ ಮೇಲೆ, ಅಪರಾಧಿಯು ತನ್ನ ಅಪರಾಧವನ್ನು ಒಪ್ಪಿಕೊಂಡ ಮೇಲೆ, ನೊಂದವನು ನಿಂದೆಯ ಶೇಷವನ್ನೂ ಉಳಿಸದೆ ಮಾಡುವ ಕ್ಷಮೆಯೇ ಅದರ ತಾತ್ಪರ್ಯವೆಂಬುದು ನಮ್ಮ ಪ್ರತಿಜ್ಞೆ. ಇದನ್ನು ಮುಂದೆ ಯಥಾಮತಿ ಸಾಧಿಸಲಾಗುವುದು.

೨. ವಿಚಾರಕ್ರಮ

ಒಂದು ಪ್ರಕರಣದ ತಾತ್ಪರ್ಯವನ್ನು ನಿಶ್ಚಯಿಸುವುದಕ್ಕೆ ನಮ್ಮ ಶಾಸ್ತ್ರಜ್ಞರು ಆರು ಲಿಂಗಗಳನ್ನು ಹೇಳಿದ್ದಾರೆ. ಆರಂಭ ಮತ್ತು ಮುಕ್ತಾಯಗಳ ಐಕ್ಯ, ಅಂದರೆ ಉಪಕ್ರಮೋಪಸಂಹಾರ, ಒಂದೇ ವಿಷಯದ ಪುನರುಕ್ತಿಯಾದ ಅಭ್ಯಾಸ, ಬೇರೆಡೆಯಲ್ಲಿ ದೊರೆಯದ ಅಪೂರ್ವತೆ, ಪ್ರಯೋಜನವೆಂಬ ಫಲ, ಪ್ರಶಂಸೆ ಅಥವಾ ನಿಂದೆಯ ರೂಪವಾದ ಅರ್ಥವಾದ, ಯುಕ್ತಿಯೆಂಬ ಉಪಪತ್ತಿ. ಉಪನಿಷತ್ತುಗಳ ವಿಚಾರದಲ್ಲಿ ವೇದಾಂತಿಗಳು ಇವನ್ನು ಬಳಸುವರು.

ವೇದವಾಕ್ಯಗಳಿಗೆ ಹೇಳಿದ ನ್ಯಾಯವನ್ನು ಅರಬ್ಬಿಯ ಗ್ರಂಥಕ್ಕೆ ಅನ್ವಯಿಸುವುದು ಹೇಗೆ ಸಂಗತವಾದೀತೆಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವೇನೆಂದರೆ, ಗ್ರಂಥದ ಪ್ರಾಮಾಣ್ಯವನ್ನು ಒಪ್ಪುವುದು ಒಂದು, ಗ್ರಂಥದ ಅಭಿಪ್ರಾಯವನ್ನು ತಿಳಿಯುವುದು ಇನ್ನೊಂದು. ಮೊದಲನೆಯದು ಶ್ರದ್ಧೆಗೆ ಸೇರಿದ್ದು, ಎರಡನೆಯದು ವಾಕ್ಯಾರ್ಥಕ್ಕೆ ಸೇರಿದ್ದು. ವಾಕ್ಯಸಮೂಹವೆಲ್ಲಿದ್ದರೂ ಅದಕ್ಕೆ ಆದಿಯೂ ಅಂತ್ಯವೂ ಆವೃತ್ತಿಯೂ ಇದ್ದೇ ಇರುವುವು. ಅವುಗಳಿಂದ ವಕ್ತೃವಿನ ಅಭಿಪ್ರಾಯವನ್ನು ಊಹಿಸುವುದು ಎಲ್ಲ ಭಾಷೆಗಳಿಗೂ ಸಾಧಾರಣವಾದ ಮಾರ್ಗ. ಅರಬ್ಬಿಯ ವ್ಯಾಖ್ಯಾನಕಾರರಾದ ತಬರಿ, ಜಮಖ್ಶರಿ, ಫಖ್ರುದ್ದೀನ್ ರಾಜಿ ಮೊದಲಾದವರೂ ಶಬ್ದ, ಸಂದರ್ಭ, ಯುಕ್ತಿಗಳಿಂದಲೇ ಅರ್ಥವನ್ನು ವಿಚಾರಿಸಿದ್ದಾರೆ. ಕನ್ನಡದಲ್ಲಿಯೂ ಈಗ ಮಂಗಳೂರಿನ ಶಾಂತಿ ಪ್ರಕಾಶನದವರ ಹಾಗೂ ಅಬ್ದುಸ್ಸಲಾಮ್ ಪುತ್ತಿಗೆಯವರ ಅನುವಾದಗಳಿರುವುದರಿಂದ, ಅರಬ್ಬಿಯನ್ನು ಅರಿಯದ ವಾಚಕರೂ ನಮ್ಮ ಮಾತನ್ನು ಪರೀಕ್ಷಿಸಿ ನೋಡಬಹುದು.

೩. ಕಥಾಸಾರ

ಯಾಕೂಬನ ಮಗನಾದ ಯೂಸುಫನು ಬಾಲ್ಯದಲ್ಲಿ ಒಂದು ಕನಸನ್ನು ಕಂಡನು. ಹನ್ನೊಂದು ನಕ್ಷತ್ರಗಳೂ ಸೂರ್ಯಚಂದ್ರರೂ ತನಗೆ ಮಣಿದಂತೆ ಆ ಕನಸು. ಅಣ್ಣಂದಿರಿಗೆ ಇದನ್ನು ಹೇಳಬೇಡವೆಂದು ತಂದೆಯು ಎಚ್ಚರಿಸಿದನು. ತಂದೆಯ ಪ್ರೀತಿಯು ಇವನ ಮೇಲೆಯೇ ಹೆಚ್ಚೆಂದು ಕರುಬಿದ ಅಣ್ಣಂದಿರು ಆಟಕ್ಕೆಂದು ಕರೆದುಕೊಂಡು ಹೋಗಿ ಅವನನ್ನು ಬಾವಿಗೆ ತಳ್ಳಿದರು. ಸಂಜೆಯಲ್ಲಿ ಅಳುತ್ತ ಬಂದು, ತೋಳವು ತಿಂದಿತೆಂದು ಹುಸಿನೆತ್ತರು ಬಳಿದ ಅಂಗಿಯನ್ನು ತೋರಿಸಿದರು. ದಾರಿಗರಾದ ವರ್ತಕರು ಬಾಲಕನನ್ನು ಎತ್ತಿ ಅಲ್ಪಮೂಲ್ಯಕ್ಕೆ ಮಾರಿದರು. ಮಿಸರದೇಶದ ಒಬ್ಬ ಅಧಿಕಾರಿಯ ಮನೆಯಲ್ಲಿ ಅವನು ಬೆಳೆದನು. ಆ ಮನೆಯೊಡತಿಯು ಅವನನ್ನು ಬಯಸಿದಳು. ಅವನು ಒಪ್ಪದೆ ಬಾಗಿಲಿಗೆ ಓಡಿದಾಗ ಅಂಗಿಯು ಹಿಂಬದಿಯಲ್ಲಿ ಹರಿಯಿತು. ನಿರ್ದೋಷಿಯೆಂದು ಗೊತ್ತಾದ ಮೇಲೆಯೂ ಅವನು ಸೆರೆಮನೆಗೆ ಹೋಗಬೇಕಾಯಿತು. ಏಳು ಕೊಬ್ಬಿದ ಹಸುಗಳನ್ನು ಏಳು ಬಡಹಸುಗಳು ತಿಂದವೆಂಬ ರಾಜನ ಕನಸಿಗೆ ಅವನು ಸೆರೆಯಿಂದಲೇ ಅರ್ಥವನ್ನು ಹೇಳಿ, ಬರಲಿರುವ ಕ್ಷಾಮಕ್ಕೆ ಉಪಾಯವನ್ನೂ ಸೂಚಿಸಿದನು. ಕೊನೆಗೆ ಉಗ್ರಾಣಗಳ ಅಧ್ಯಕ್ಷನಾದನು. ಕ್ಷಾಮಕಾಲದಲ್ಲಿ ಧಾನ್ಯಕ್ಕಾಗಿ ಬಂದ ಅಣ್ಣಂದಿರನ್ನು ಅವನು ಗುರುತಿಸಿದನು. ಅವರು ಅವನನ್ನು ಗುರುತಿಸಲಿಲ್ಲ. ಹಲವು ಪರೀಕ್ಷೆಗಳ ತರುವಾಯ ತನ್ನ ಪರಿಚಯವನ್ನು ತಿಳಿಸಿ, ಅವರನ್ನು ಕ್ಷಮಿಸಿ, ದುಃಖದಿಂದ ಕಣ್ಣು ಕಳೆದುಕೊಂಡಿದ್ದ ತಂದೆಗೆ ತನ್ನ ಅಂಗಿಯನ್ನು ಕಳುಹಿಸಿದನು. ತಂದೆಗೆ ದೃಷ್ಟಿ ಬಂದಿತು, ಕುಟುಂಬವೆಲ್ಲ ಒಂದುಗೂಡಿತು.

೪. ಉಪಕ್ರಮೋಪಸಂಹಾರ

ಮೊದಲ ಲಿಂಗವನ್ನು ನೋಡೋಣ. ಕನಸಿನಿಂದ ಆರಂಭವಾದ ಕಥೆಯು ನೂರನೆಯ ಆಯತ್‌ನಲ್ಲಿ, ಇದೇ ಆ ಕನಸಿನ ಫಲವೆಂದು ಯೂಸುಫನು ತಂದೆಗೆ ತಿಳಿಸುವುದರೊಂದಿಗೆ ಮುಗಿಯುತ್ತದೆ. ಇದು ಎಲ್ಲರಿಗೂ ಕಾಣುವ ಐಕ್ಯ. ಇದಕ್ಕಿಂತ ಸೂಕ್ಷ್ಮವಾದ ಐಕ್ಯವು ಇನ್ನೊಂದುಂಟು. ಐದನೆಯ ಆಯತ್‌ನಲ್ಲಿ ತಂದೆಯು, ಮನುಷ್ಯನಿಗೆ ಸೈತಾನನು ಪ್ರಕಟಶತ್ರುವೆಂದು ಹೇಳಿ, ಅಣ್ಣತಮ್ಮಂದಿರಲ್ಲಿ ಒಡಕು ಬಂದೀತೆಂದು ಅಂಜುತ್ತಾನೆ. ನೂರನೆಯ ಆಯತ್‌ನಲ್ಲಿ ಮಗನು, ತನಗೂ ಅಣ್ಣಂದಿರಿಗೂ ನಡುವೆ ಒಡಕನ್ನು ತಂದವನು ಸೈತಾನನೆಂದು ಹೇಳುತ್ತಾನೆ. ಭಯವಾಗಿ ಹೊರಟ ಮಾತು ಕ್ಷಮೆಯಾಗಿ ಮರಳಿ ಬಂದಿದೆ. ನಡುವಣ ಕಥೆಯೆಲ್ಲವೂ ಈ ಎರಡು ಮಾತುಗಳ ಒಳಗಿದೆ.

ಏಳನೆಯ ಆಯತ್ ಈ ಕಥೆಯ ವಿಷಯವನ್ನು ಸ್ಪಷ್ಟವಾಗಿಯೇ ನಿರ್ದೇಶಿಸುತ್ತದೆ. ಪ್ರಶ್ನಿಸುವವರಿಗೆ ಯೂಸುಫನಲ್ಲಿಯೂ ಅವನ ಸೋದರರಲ್ಲಿಯೂ ಸಂಕೇತಗಳಿವೆಯೆಂದು ಅದರ ಭಾವ. ಯೂಸುಫನಲ್ಲಿಯೂ ಆ ಸ್ತ್ರೀಯಲ್ಲಿಯೂ ಎಂದಲ್ಲ. ಕಥೆ ಮುಗಿದ ಮೇಲೆ ೧೦೨ನೆಯ ಆಯತ್ ಪ್ರವಾದಿಯನ್ನು ಸಂಬೋಧಿಸಿ, ಅವರು ಸಂಚು ಹೂಡಿ ಒಂದಾದಾಗ ನೀನು ಅಲ್ಲಿರಲಿಲ್ಲವೆಂಬ ಭಾವವನ್ನು ಹೇಳುವಾಗಲೂ ಸ್ಮರಿಸುವುದು ಅಣ್ಣಂದಿರ ಸಂಚನ್ನೇ. ಆದಿಯಲ್ಲಿ ಸೋದರರು, ಅಂತ್ಯದಲ್ಲಿ ಸೋದರರು. ಆದಕಾರಣ ಸೋದರವಿರೋಧವೂ ಅದರ ಶಮನವೂ ಪ್ರಕರಣದ ವಿಷಯವೆಂಬುದು ಸಿದ್ಧವಾಯಿತು.

ಹದಿನೈದನೆಯ ಆಯತ್ ಇನ್ನೂ ಮುಖ್ಯವಾದುದು. ಬಾವಿಯ ಕತ್ತಲೆಯಲ್ಲಿದ್ದ ಬಾಲಕನಿಗೆ ದೇವರಿಂದ ಒಂದು ಸೂಚನೆಯು ಬರುತ್ತದೆ. ಅದು ‘ನಿನ್ನನ್ನು ಬಿಡಿಸುವೆನು’ ಎಂಬ ಅಭಯವಲ್ಲ. ‘ಅವರನ್ನು ಶಿಕ್ಷಿಸುವೆನು’ ಎಂಬ ಪ್ರತಿಜ್ಞೆಯೂ ಅಲ್ಲ. ಅವರು ಮಾಡಿದುದನ್ನು ಮುಂದೊಂದು ದಿನ ನೀನೇ ಅವರಿಗೆ ತಿಳಿಸುವೆ ಎಂಬುದಿಷ್ಟೇ ಅದರ ಸಾರ. ದುಃಖದ ಪರಾಕಾಷ್ಠೆಯಲ್ಲಿ ಕೊಟ್ಟ ವಚನವು ಸತ್ಯದ ಪ್ರಕಟನೆಯನ್ನು ಕುರಿತದ್ದು. ೮೯ನೆಯ ಆಯತ್‌ನಲ್ಲಿ ಯೂಸುಫನು ಅಣ್ಣಂದಿರನ್ನು ಅವರ ಕೃತ್ಯದ ವಿಷಯವಾಗಿ ಪ್ರಶ್ನಿಸುವಾಗ ಈ ವಚನವು ನೆರವೇರುತ್ತದೆ.

೫. ಅಭ್ಯಾಸ

ಪುನರುಕ್ತಿಯನ್ನು ಪರೀಕ್ಷಿಸಿದರೂ ಇದೇ ಅರ್ಥವು ದೃಢವಾಗುತ್ತದೆ. ದೇವರು ಸರ್ವಜ್ಞನೂ ಯುಕ್ತಿವಂತನೂ ಎಂಬ ಜೋಡಿ ವಿಶೇಷಣಗಳು ೬, ೮೩, ೧೦೦ ಎಂಬ ಮೂರು ಕಡೆಗಳಲ್ಲಿ, ಅಂದರೆ ಕಥೆಯ ಆದಿಯಲ್ಲಿಯೂ ಸಂಕಟದ ಶಿಖರದಲ್ಲಿಯೂ ಅಂತ್ಯದಲ್ಲಿಯೂ ಬಂದಿವೆ. ಅಂಗಿಯೂ ಮೂರು ಸಲ ಬರುತ್ತದೆ: ಮೊದಲ ಸಲ ಸುಳ್ಳಿಗೆ ಸಾಕ್ಷಿಯಾಗಿ, ಎರಡನೆಯ ಸಲ ನಿಜಕ್ಕೆ ಸಾಕ್ಷಿಯಾಗಿ, ಮೂರನೆಯ ಸಲ ತಂದೆಯ ಕಣ್ಣಿಗೆ ಬೆಳಕಾಗಿ. ತಪ್ಪಿತಸ್ಥರೆಂಬ ಅರ್ಥದ ‘ಖಾತಿಈನ್’ ಎಂಬ ಪದವೂ ಮೂರು ಕಡೆ ಇದೆ. ೨೯ರಲ್ಲಿ ಗಂಡನು ಹೆಂಡತಿಯನ್ನು ಕುರಿತು ಹಾಗೆ ಹೇಳುತ್ತಾನೆ. ೯೧ರಲ್ಲಿಯೂ ೯೭ರಲ್ಲಿಯೂ ಅಣ್ಣಂದಿರು ತಮ್ಮನ್ನೇ ಕುರಿತು ಹಾಗೆ ಹೇಳಿಕೊಳ್ಳುತ್ತಾರೆ. ಪರರು ಹೊರಿಸಿದ ಆರೋಪವಾಗಿ ಬಂದ ಪದವು ಸ್ವಂತ ಒಪ್ಪಿಗೆಯಾಗಿ ಮುಗಿಯುವುದನ್ನು ಗಮನಿಸತಕ್ಕುದು.

ಎಲ್ಲಕ್ಕೂ ಮಿಗಿಲಾದ ಅಭ್ಯಾಸವು ‘ಸಬ್ರುನ್ ಜಮೀಲ್’ ಎಂಬುದು. ಸುಂದರವಾದ ಸಹನೆಯೆಂದು ಅದರ ಅರ್ಥ. ೧೮ರಲ್ಲಿ ಹುಸಿನೆತ್ತರಿನ ಅಂಗಿಯನ್ನು ಕಂಡ ಯಾಕೂಬನು, ಇದು ನಿಮ್ಮ ಮನಸ್ಸುಗಳು ಕಟ್ಟಿದ ಕಥೆಯೆಂದು ಹೇಳಿ ಈ ಮಾತನ್ನಾಡುತ್ತಾನೆ. ಬಹುವರ್ಷಗಳ ಮೇಲೆ, ಕಿರಿಯ ಮಗನು ಕಳ್ಳತನದ ಆರೋಪದಿಂದ ಮಿಸರದಲ್ಲಿಯೇ ಉಳಿದನೆಂದು ಮಕ್ಕಳು ಬಂದು ತಿಳಿಸಿದಾಗ, ೮೩ರಲ್ಲಿ ಅವನು ಅದೇ ಮಾತುಗಳನ್ನೇ ಆಡುತ್ತಾನೆ. ಇಲ್ಲಿ ಒಂದು ವೈಲಕ್ಷಣ್ಯವಿದೆ. ಮೊದಲ ಸಲ ಮಕ್ಕಳು ಹೇಳಿದುದು ಸುಳ್ಳು. ಎರಡನೆಯ ಸಲ ಅವರು ಹೇಳಿದುದು ತಾವು ಕಂಡ ನಿಜ. ಊರವರನ್ನೂ ಜೊತೆಯ ಪ್ರಯಾಣಿಕರನ್ನೂ ಕೇಳಿ ನೋಡೆಂದು ಅವರು ಸಾಕ್ಷಿಗಳನ್ನು ಕೂಡ ಮುಂದೊಡ್ಡುತ್ತಾರೆ. ಆದರೂ ತಂದೆಯ ಉತ್ತರವು ಬದಲಾಗುವುದಿಲ್ಲ. ಒಮ್ಮೆ ಸುಳ್ಳಾಡಿದವನ ನಿಜವೂ ಸುಳ್ಳಿನಂತೆಯೇ ಕೇಳಿಸುವುದು. ಬಚ್ಚಿಟ್ಟ ಅಪರಾಧವು ಒಪ್ಪಿಗೆಯಾಗುವವರೆಗೆ ಮನೆಯೊಳಗಣ ಭಾಷೆಯೇ ಕೆಟ್ಟುಹೋಗುವುದು. ಇದನ್ನು ಸೂರಾವು ಎಲ್ಲಿಯೂ ಬೋಧನೆಯಾಗಿ ಹೇಳದೆ, ಒಂದೇ ವಾಕ್ಯವನ್ನು ಎರಡು ಸಲ ಇಟ್ಟು ತೋರಿಸಿದೆ.

ಈ ಸಹನೆಯು ದುಃಖರಾಹಿತ್ಯವಲ್ಲವೆಂಬುದೂ ತಿಳಿಯತಕ್ಕ ವಿಷಯ. ೮೪ರಲ್ಲಿ ಯಾಕೂಬನ ಕಣ್ಣುಗಳು ಅತ್ತು ಅತ್ತು ಬೆಳ್ಳಗಾಗುತ್ತವೆ. ತನ್ನ ಅಳಲನ್ನು ದೇವರಲ್ಲಿ ಮಾತ್ರ ತೋಡಿಕೊಳ್ಳುವೆನೆಂದು ಅವನು ೮೬ರಲ್ಲಿ ಹೇಳುತ್ತಾನೆ. ೮೭ರಲ್ಲಿ ಮಕ್ಕಳನ್ನು ಯೂಸುಫನ ಶೋಧಕ್ಕೆ ಮತ್ತೆ ಕಳುಹಿಸುತ್ತಾನೆ. ಆದುದರಿಂದ ಇಲ್ಲಿಯ ಸಹನೆಯು ನಿಷ್ಕ್ರಿಯವಾದ ಸುಮ್ಮನಿರವಲ್ಲ. ಸತ್ಯವು ಹೊರಬೀಳುವವರೆಗೆ ಆಶೆಯನ್ನು ಬಿಡದೆ ಕಾಯುವುದು.

೬. ಅಪೂರ್ವತೆ ಮತ್ತು ಉಪಪತ್ತಿ

ಈ ಕಥೆಯು ಯೆಹೂದ್ಯರ ಹಾಗೂ ಕ್ರೈಸ್ತರ ಧರ್ಮಗ್ರಂಥದ ಆದಿಕಾಂಡದಲ್ಲಿಯೂ ಇದೆ. ಅಲ್ಲಿ ಒಡತಿಯ ಕೈಯಲ್ಲಿ ಉಳಿದ ಉಡುಪೇ ಆಪಾದನೆಗೆ ಆಧಾರವಾಗುತ್ತದೆ. ಒಡೆಯನು ಕೋಪಗೊಂಡು ಸೇವಕನನ್ನು ಸೆರೆಗೆ ಹಾಕಿಸುತ್ತಾನೆ. ವಿಚಾರಣೆಯ ಪ್ರಸ್ತಾಪವಿಲ್ಲ. ಕುರಾನಿನಲ್ಲಾದರೋ ೨೫ರಿಂದ ೨೯ರವರೆಗಿನ ಐದು ಆಯತ್‌ಗಳಲ್ಲಿ ಒಂದು ಪೂರ್ಣವಾದ ವ್ಯವಹಾರವೇ ನಡೆಯುತ್ತದೆ.

ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಸ್ಮೃತಿಕಾರರ ಮತ: ವಾದಿಯ ಹೇಳಿಕೆಯಾದ ಭಾಷಾ, ಪ್ರತಿವಾದಿಯ ಉತ್ತರ, ಪ್ರಮಾಣಪ್ರದರ್ಶನವಾದ ಕ್ರಿಯಾ, ನಿರ್ಣಯವಾದ ಸಿದ್ಧಿ. ಇದೇ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇವನ್ನು ವಿವರಿಸಿದನು. ಸೂರಾದ ಪ್ರಸಂಗವನ್ನು ಇದರೊಂದಿಗೆ ಹೋಲಿಸಿ ನೋಡಿರಿ. ಒಡತಿಯು ಗಂಡನ ಮುಂದೆ ಆಪಾದನೆಯನ್ನು ಮಾಡುತ್ತಾಳೆ. ಯೂಸುಫನು ಅವಳೇ ತನ್ನನ್ನು ಬಯಸಿದಳೆಂದು ಉತ್ತರ ಕೊಡುತ್ತಾನೆ. ಅವಳ ಬಂಧುವರ್ಗದವನೇ ಆದ ಒಬ್ಬ ಸಾಕ್ಷಿಯು, ಅಂಗಿಯು ಮುಂದೆ ಹರಿದಿದ್ದರೆ ಅವಳ ಮಾತು ನಿಜ, ಹಿಂದೆ ಹರಿದಿದ್ದರೆ ಅವನ ಮಾತು ನಿಜವೆಂದು ಯುಕ್ತಿಯನ್ನು ತೋರುತ್ತಾನೆ. ಗಂಡನು ಅಂಗಿಯನ್ನು ನೋಡಿ ನಿರ್ಣಯಿಸುತ್ತಾನೆ. ನಾಲ್ಕು ಪಾದಗಳೂ ಪೂರ್ಣವಾಗಿವೆ. ಆ ಸಾಕ್ಷಿಯು ತೊಟ್ಟಿಲ ಶಿಶುವೆಂದು ಕೆಲವು ವ್ಯಾಖ್ಯಾನಕಾರರೂ, ಬುದ್ಧಿವಂತನಾದ ಪುರುಷನೆಂದು ಇತರರೂ ಹೇಳುವರು. ನಮಗೆ ಎರಡನೆಯ ಪಕ್ಷವೇ ಯುಕ್ತವಾಗಿ ತೋರುತ್ತದೆ. ಏಕೆಂದರೆ, ಶಿಶುವು ಮಾತನಾಡಿದುದೇ ಪವಾಡವಾಗಿದ್ದರೆ ಅನುಮಾನಪ್ರಮಾಣವು ಬೇಕಾಗಿರಲಿಲ್ಲ.

ನಿರ್ಣಯವಾದರೂ ನ್ಯಾಯವು ದೊರೆಯಲಿಲ್ಲ. ಗುರುತುಗಳನ್ನೆಲ್ಲ ಕಂಡ ಮೇಲೆಯೂ ಅವರು ಯೂಸುಫನನ್ನೇ ಸೆರೆಗೆ ಹಾಕಿದರೆಂದು ೩೫ನೆಯ ಆಯತ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ದೊಡ್ಡವರ ಮನೆಯ ಮಾನವನ್ನು ಉಳಿಸಲು ನಿರಪರಾಧಿಯನ್ನು ಬಲಿಗೊಡುವುದು ಯಾವ ದೇಶಕ್ಕೂ ಹೊಸದಲ್ಲ. ಮುಂದೆ ರಾಜನ ಕರೆ ಬಂದಾಗ ಯೂಸುಫನು ಮಾಡುವ ಕಾರ್ಯವೇ ಈ ಸೂರಾದ ಅಪೂರ್ವತೆ. ಆದಿಕಾಂಡದಲ್ಲಿ ಅವನು ಕರೆ ಬಂದೊಡನೆ ಸೆರೆಯಿಂದ ಹೊರಡುವನು. ಇಲ್ಲಿ ಅವನು ಹೊರಡಲು ಒಪ್ಪುವುದಿಲ್ಲ; ಕೈಗಳನ್ನು ಕೊಯ್ದುಕೊಂಡ ಆ ಸ್ತ್ರೀಯರ ಸಂಗತಿಯನ್ನು ಮೊದಲು ವಿಚಾರಿಸೆಂದು ದೂತನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಕೆಟ್ಟ ತೀರ್ಪಾದ ವ್ಯವಹಾರವನ್ನು ಅರಸನು ಮತ್ತೆ ನೋಡಬೇಕೆಂದು ಯಾಜ್ಞವಲ್ಕ್ಯನು ವಿಧಿಸಿರುವುದು ಇಲ್ಲಿ ಸ್ಮರಣೀಯ. ಯೂಸುಫನು ಬೇಡಿದುದು ಕರುಣೆಯನ್ನಲ್ಲ, ಪುನರ್ವಿಚಾರಣೆಯನ್ನು. ಅದರಲ್ಲಿಯೂ ಅವನು ಒಡತಿಯನ್ನು ಹೆಸರಿಸದೆ ಸ್ತ್ರೀಯರೆಂದು ಸಾಮಾನ್ಯವಾಗಿ ಹೇಳಿದುದು ಅವನ ಸೌಜನ್ಯವೆಂದು ವ್ಯಾಖ್ಯಾನಕಾರರು ಮೆಚ್ಚಿದ್ದಾರೆ. ಪರಿಣಾಮವಾಗಿ ೫೧ರಲ್ಲಿ ಆ ಒಡತಿಯೇ ಸತ್ಯವು ಬಯಲಾಯಿತೆಂದು ಒಪ್ಪಿಕೊಳ್ಳುತ್ತಾಳೆ. ಮುಂದಿನ ಎರಡು ಆಯತ್‌ಗಳಲ್ಲಿ ಮನಸ್ಸು ಕೆಡುಕಿಗೆ ಪ್ರೇರಿಸುವುದೆಂದು ಹೇಳುವವರು ಯಾರೆಂಬುದರಲ್ಲಿ ಮತಭೇದವಿದೆ. ಯೂಸುಫನ ಮಾತೆಂದು ಹಲವರು. ಇಬ್ನ್ ತೈಮಿಯಾ, ಇಬ್ನ್ ಕಸೀರ್ ಇವರು ಅದನ್ನು ಒಡತಿಯ ಮಾತೆಂದೇ ಗ್ರಹಿಸಿದ್ದಾರೆ. ಎರಡನೆಯ ಪಕ್ಷವನ್ನು ಹಿಡಿದರೆ ಅವಳ ಒಪ್ಪಿಗೆಯು ಪಶ್ಚಾತ್ತಾಪದವರೆಗೆ ಬೆಳೆಯುತ್ತದೆ. ಸಂದರ್ಭಕ್ಕೆ ಅದೇ ಹೊಂದುತ್ತದೆ.

ವಿಚಾರಣೆಯಿಲ್ಲದೆ ಪ್ರಮಾಣವನ್ನು ನಂಬಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೀದರಿನಲ್ಲಿ ೧೪೭೨ರಲ್ಲಿ ಮದರಸವನ್ನು ಕಟ್ಟಿಸಿದ ಮಹಮೂದ್ ಗವಾನನ ಮುದ್ರೆಯನ್ನು ವೈರಿಗಳು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು, ಅವನು ಶತ್ರುರಾಜನಿಗೆ ಬರೆದಂತೆ ಕೂಟಲೇಖವನ್ನು ಸೃಷ್ಟಿಸಿದರು. ಸುಲ್ತಾನ್ ಮೂರನೆಯ ಮುಹಮ್ಮದನು ಪರೀಕ್ಷಿಸದೆ ೧೪೮೧ರಲ್ಲಿ ಅವನನ್ನು ಕೊಲ್ಲಿಸಿದನು. ನಿಜವು ತಿಳಿದ ಮೇಲೆ ಪಶ್ಚಾತ್ತಾಪಪಟ್ಟು ಮರುವರ್ಷವೇ ತಾನೂ ತೀರಿಕೊಂಡನು. ಹುಸಿನೆತ್ತರಿನ ಅಂಗಿಯನ್ನು ಯಾಕೂಬನು ನಂಬಲಿಲ್ಲ. ಹುಸಿಮುದ್ರೆಯ ಪತ್ರವನ್ನು ಸುಲ್ತಾನನು ನಂಬಿದನು. ಬಹಮನೀ ರಾಜ್ಯವು ಮತ್ತೆ ಚೇತರಿಸಿಕೊಳ್ಳಲಿಲ್ಲ.

೭. ಫಲ

ಫಲವೆಂಬ ಲಿಂಗದಲ್ಲಿ ತಾತ್ಪರ್ಯವು ಪ್ರಕಾಶಿಸುತ್ತದೆ. ಯೂಸುಫನು ಅಣ್ಣಂದಿರನ್ನು ಮೊದಲ ನೋಟದಲ್ಲಿಯೇ ಗುರುತಿಸಿದನು, ಆಗಲೇ ಕ್ಷಮಿಸಬಹುದಾಗಿತ್ತು. ಹಾಗೆ ಮಾಡದೆ, ಕಿರಿಯವನನ್ನು ಕರೆತರಿಸಿ, ಅವನ ಗಂಟಿನಲ್ಲಿ ಪಾನಪಾತ್ರೆಯನ್ನು ಇರಿಸಿ, ಒಬ್ಬ ತಮ್ಮನನ್ನು ಪರದೇಶದಲ್ಲಿ ಬಿಟ್ಟುಹೋಗುವ ಸಂದರ್ಭವನ್ನೇ ಅವರಿಗೆ ಮತ್ತೆ ಒಡ್ಡಿದನು. ಈ ಸಲ ಹಿರಿಯಣ್ಣನು ತಂದೆಯ ಅನುಮತಿಯಿಲ್ಲದೆ ಊರಿಗೆ ಮರಳಲು ಒಪ್ಪಲಿಲ್ಲ. ಮನಸ್ಸು ಮಾಗಿತೆಂಬುದಕ್ಕೆ ಇದು ಗುರುತು. ಅದೇ ಸಮಯದಲ್ಲಿ, ಇವನ ಅಣ್ಣನೂ ಹಿಂದೆ ಕದ್ದಿದ್ದನೆಂದು ಅವರು ಯೂಸುಫನ ಎದುರಿಗೇ ಅವನನ್ನು ದೂರಿದರು. ಆ ಮಾತನ್ನು ಅವನು ಮನಸ್ಸಿನಲ್ಲಿಯೇ ಇಟ್ಟುಕೊಂಡನು. ಪೂರ್ಣವಾಗಿ ಪಕ್ವವಾಗದವರ ನಡುವೆಯೇ ಕ್ಷಮೆಯು ನಡೆಯಬೇಕಾಗಿದೆಯೆಂಬುದನ್ನು ಸೂರಾವು ಮರೆಮಾಡಿಲ್ಲ.

ಕೊನೆಗೆ ಯೂಸುಫನು ಅವರ ಕೃತ್ಯವನ್ನು ನೆನಪಿಸುವಾಗ, ಅವರು ಅಜ್ಞಾನಿಗಳಾಗಿದ್ದಾಗ ಮಾಡಿದುದೆಂಬ ಮಾತನ್ನು ತಾನೇ ಸೇರಿಸುತ್ತಾನೆ. ಪ್ರಶ್ನೆಯೊಳಗೇ ಪರಿಹಾರವನ್ನು ಇಟ್ಟು ಕೊಡುವ ರೀತಿ ಇದು. ಅವರು ತಪ್ಪನ್ನು ಒಪ್ಪಿಕೊಂಡೊಡನೆ ೯೨ರಲ್ಲಿ, ಇಂದು ನಿಮ್ಮ ಮೇಲೆ ನಿಂದೆಯಿಲ್ಲವೆಂಬ ಭಾವವನ್ನು ನುಡಿಯುತ್ತಾನೆ. ಇಲ್ಲಿರುವ ‘ತಸ್ರೀಬ್’ ಎಂಬ ಪದಕ್ಕೆ ಶಿಕ್ಷೆಯೆಂದು ಅರ್ಥವಲ್ಲ, ಮಾಡಿದ ತಪ್ಪನ್ನು ಎತ್ತಿ ಆಡುವುದೆಂದು ಅರ್ಥ. ದಂಡವನ್ನು ಬಿಟ್ಟು ನಿಂದೆಯನ್ನು ಉಳಿಸಿಕೊಳ್ಳುವವರು ಲೋಕದಲ್ಲಿ ಬಹುಮಂದಿ. ಯೂಸುಫನು ಅದನ್ನೂ ಬಿಟ್ಟನು. ಈ ಮಾತನ್ನು ಅವನು ನಡೆಯಿಸಿಕೊಟ್ಟುದನ್ನು ನೂರನೆಯ ಆಯತ್ ತೋರಿಸುತ್ತದೆ. ತನಗಾದ ದೈವಾನುಗ್ರಹವನ್ನು ಎಣಿಸುವಾಗ ಅವನು ಸೆರೆಯಿಂದ ಬಿಡುಗಡೆಯಾದುದನ್ನು ಹೇಳುತ್ತಾನೆ, ಬಾವಿಯಿಂದ ಪಾರಾದುದನ್ನು ಹೇಳುವುದಿಲ್ಲ. ಅಣ್ಣಂದಿರು ಎದುರಿಗಿರುವಾಗ ಬಾವಿಯ ಹೆಸರೆತ್ತಿದರೆ ಅವರಿಗೆ ನಾಚಿಕೆಯಾದೀತೆಂದು ಹಾಗೆ ಮಾಡಿದನೆಂದು ರಾಜಿಯು ಕೊಡುವ ಕಾರಣಗಳಲ್ಲಿ ಒಂದು. ಈ ಮೌನವೇ ಕಥೆಯ ಅತ್ಯಂತ ಎತ್ತರದ ಸ್ಥಳವೆಂದು ನಮ್ಮ ಅಭಿಪ್ರಾಯ.

ತಂದೆಯ ನಡತೆಯು ಬೇರೆಯ ಬಗೆಯದು. ತಮಗಾಗಿ ದೇವರಲ್ಲಿ ಕ್ಷಮೆ ಬೇಡೆಂದು ಮಕ್ಕಳು ಕೇಳಿದಾಗ ಅವನು, ಬೇಡುವೆನೆಂದು ಭವಿಷ್ಯತ್ಕಾಲದಲ್ಲಿ ಹೇಳುತ್ತಾನೆ. ಈ ವಿಳಂಬವೇಕೆ? ಪ್ರಾರ್ಥನೆಗೆ ಪ್ರಶಸ್ತವಾದ ಬೆಳಗಿನ ಜಾವವನ್ನು ಕಾದನೆಂದು ಕೆಲವರು. ಯೂಸುಫನು ಕ್ಷಮಿಸಿದನೋ ಇಲ್ಲವೋ ಎಂದು ಮೊದಲು ತಿಳಿಯಬಯಸಿದನೆಂದು ಮತ್ತೆ ಕೆಲವರು. ಮೀಮಾಂಸಕರ ಮಾತಿನಲ್ಲಿ ಇದು ಅಧಿಕಾರವಿಚಾರ. ಕ್ಷಮಿಸುವ ಅಧಿಕಾರವು ನೊಂದವನದು. ತಂದೆಯಾದರೂ, ಪ್ರವಾದಿಯಾದರೂ, ಅವನ ಪರವಾಗಿ ಮುಂದಾಗಿ ಕ್ಷ‌ಮಿಸತಕ್ಕುದಲ್ಲ.

೮. ಅರ್ಥವಾದವೂ ಕಾವ್ಯಗಳೂ

ಸೌಂದರ್ಯವರ್ಣನೆಯ ಸ್ಥಾನವೇನೆಂದು ಈಗ ನೋಡಬೇಕು. ಒಡತಿಯ ಪ್ರಸಂಗವಿರುವುದು ೨೩ರಿಂದ ೩೫ರವರೆಗೆ ಮತ್ತು ೫೦ರಿಂದ ೫೩ರವರೆಗೆ. ೧೧೧ರಲ್ಲಿ ಹದಿನೇಳು ಆಯತ್‌ಗಳು. ಅವಳಿಗೆ ಸೂರಾದಲ್ಲಿ ಹೆಸರೇ ಇಲ್ಲ. ಜುಲೈಖೆಯೆಂಬುದು ತರುವಾಯ ಬಂದ ಹೆಸರು. ಯೂಸುಫನ ರೂಪವನ್ನು ಕಂಡು ನಗರಸ್ತ್ರೀಯರು ಬೆರಗಾಗಿ ಕೈ ಕೊಯ್ದುಕೊಂಡರೆಂಬುದು ಅವನ ಸಂಯಮದ ಬೆಲೆಯನ್ನು ಎತ್ತಿ ತೋರಿಸುವ ಅರ್ಥವಾದ. ಆಕರ್ಷಣೆಯು ಎಷ್ಟು ಬಲವಾದುದೋ ನಿಗ್ರಹವೂ ಅಷ್ಟೇ ಬಲವಾದುದೆಂದು ಅದರ ಉಪಯೋಗ. ಅರ್ಥವಾದವು ಪ್ರಧಾನಾರ್ಥಕ್ಕೆ ಅಂಗವಾಗಿ ನಿಲ್ಲಬೇಕೇ ಹೊರತು ತಾನೇ ಪ್ರಧಾನವಾಗಕೂಡದು.

ಕವಿಗಳ ಕೈಯಲ್ಲಿ ಆದುದು ಇದೇ. ಜಾಮಿಯಲ್ಲಿ ಜುಲೈಖೆಯು ಯೂಸುಫನನ್ನು ಮೊದಲೇ ಕನಸಿನಲ್ಲಿ ಕಂಡು ಒಲಿಯುತ್ತಾಳೆ. ವೃದ್ಧೆಯೂ ಅಂಧೆಯೂ ಆದ ಮೇಲೆ ಮತ್ತೆ ತಾರುಣ್ಯವನ್ನು ಪಡೆದು ಅವನನ್ನು ವರಿಸುತ್ತಾಳೆ. ಸೂಫಿಗಳ ದೃಷ್ಟಿಯಲ್ಲಿ ಇದು ಜೀವವು ಪರಮಸೌಂದರ್ಯವನ್ನು ಅರಸುವ ರೂಪಕ. ಕಾವ್ಯವಾಗಿ ಇದು ಮನೋಹರವಾದುದೆಂಬುದರಲ್ಲಿ ಸಂದೇಹವಿಲ್ಲ. ಶ್ರೀವರನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತಾನು ಶೈವನಾದುದರಿಂದ ಕಾವ್ಯವನ್ನು ಶಿವಸ್ತುತಿಯಲ್ಲಿ ಮುಗಿಸಿದನು. ಪರಮತದ ಕಥೆಯನ್ನು ಆದರದಿಂದ ಎತ್ತಿಕೊಂಡ ಅವನ ಔದಾರ್ಯವು ಸ್ತುತ್ಯವೇ ಸರಿ. ಆದರೆ ಅವನು ಓದಿದುದು ಜಾಮಿಯನ್ನು, ಸೂರಾವನ್ನಲ್ಲ. ಒಬ್ಬರ ಕಾವ್ಯವನ್ನು ಓದಿ ಅವರ ಶಾಸ್ತ್ರವನ್ನು ತಿಳಿದೆವೆಂದು ಭಾವಿಸಬಾರದು. ಅಂಗವನ್ನೇ ಪ್ರಧಾನವೆಂದು ಎಣಿಸುವುದರ ದೋಷವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇಸ್ಲಾಮಿನ ಇತಿಹಾಸದಲ್ಲಿಯೇ ಉದಾಹರಣೆಯುಂಟು. ಖಾರಿಜಿಗಳಲ್ಲಿ ಅಜಾರಿದರ ಪಂಗಡಕ್ಕೆ ಸೇರಿದ ಕೆಲವರು, ಇದು ಪ್ರೇಮಕಥೆಯಾದುದರಿಂದ ಕುರಾನಿಗೆ ಸೇರಿದುದೇ ಅಲ್ಲವೆಂದು ಹೇಳಿದರೆಂದು ಶಹ್ರಸ್ತಾನಿಯು ದಾಖಲಿಸಿದ್ದಾನೆ. ಕವಿಗಳು ಪ್ರೇಮಕಥೆಯೆಂದು ಸ್ವೀಕರಿಸಿದರು, ಇವರು ಪ್ರೇಮಕಥೆಯೆಂದು ತ್ಯಜಿಸಿದರು. ಇಬ್ಬರ ತಪ್ಪೂ ಒಂದೇ.

೯. ಆಕ್ಷೇಪಪರಿಹಾರ ಮತ್ತು ಉಪಸಂಹಾರ

ಏಕದೇವೋಪದೇಶವೇ ಈ ಸೂರಾದ ತಾತ್ಪರ್ಯವೇಕಾಗಬಾರದೆಂಬ ಆಕ್ಷೇಪವು ಬಲವಾದುದು. ೩೭ರಿಂದ ೪೦ರವರೆಗೆ ಯೂಸುಫನು ಸೆರೆಯ ಸಂಗಡಿಗರಿಗೆ, ಹಲವು ದೇವತೆಗಳ ಆರಾಧನೆಯು ಪೂರ್ವಿಕರು ಇಟ್ಟ ಹೆಸರುಗಳ ಆರಾಧನೆಯೇ ಹೊರತು ಮತ್ತೇನಲ್ಲವೆಂದು ಬೋಧಿಸುತ್ತಾನೆ; ಕೊನೆಯ ಆಯತ್‌ಗಳಲ್ಲಿಯೂ ಅದೇ ವಿಷಯವಿದೆ. ನಮ್ಮಂತಹ ಆಗಮಾನುಯಾಯಿಗಳಿಗೆ ಇದು ಸಮ್ಮತವಾಗಲಾರದು. ಸಮ್ಮತವಲ್ಲವೆಂದು ಅದನ್ನು ಮುಚ್ಚಿಟ್ಟು ಸೌಹಾರ್ದವನ್ನು ಹೊಗಳುವುದು ವಿಮರ್ಶಕನ ಧರ್ಮವಲ್ಲ. ಆದುದರಿಂದ ಏಕದೇವೋಪದೇಶವು ಕುರಾನಿನ ಮಹಾತಾತ್ಪರ್ಯವೆಂದೂ, ಸತ್ಯಪೂರ್ವಕವಾದ ಕ್ಷಮೆಯು ಈ ಪ್ರಕರಣದ ಅವಾಂತರತಾತ್ಪರ್ಯವೆಂದೂ ವಿಭಾಗಿಸಿಕೊಳ್ಳಬೇಕು. ಎರಡಕ್ಕೂ ವಿರೋಧವಿಲ್ಲ, ಎಲ್ಲವನ್ನೂ ಬಲ್ಲ ಒಬ್ಬನಿರುವನೆಂಬ ನಂಬಿಕೆಯಿಂದಲೇ ಯಾಕೂಬನು ಕಾಯುತ್ತಾನೆ. ಕ್ರಿ. ಶ. ೬೩೦ರಲ್ಲಿ ಮಕ್ಕಾ ನಗರವು ವಶವಾದಾಗ ಪ್ರವಾದಿ ಮುಹಮ್ಮದರು ತಮ್ಮನ್ನು ಹಿಂಸಿಸಿದ್ದ ಬಂಧುಗಳ ಮುಂದೆ ಯೂಸುಫನ ಮಾತನ್ನೇ ಉಚ್ಚರಿಸಿ ಕ್ಷಮಿಸಿದರೆಂಬ ಸಂಪ್ರದಾಯವೂ ನಮ್ಮ ಪಕ್ಷಕ್ಕೆ ಪೋಷಕವಾಗಿದೆ.

ಕಲ್ಯಾಣಕ್ಕೂ ಹುಮನಾಬಾದಿಗೂ ನಡುವಣ ರಾಜೇಶ್ವರದಲ್ಲಿ ಕುಳಿತು ಈ ಸೂರಾವನ್ನು ವಿಚಾರಿಸುವವರಿಗೆ ಇದು ಕೇವಲ ಗ್ರಂಥವಿಷಯವಾಗಿ ಉಳಿಯುವುದಿಲ್ಲ. ೧೯೪೮ರ ಮೇ ತಿಂಗಳಿನಲ್ಲಿ ಕಲ್ಯಾಣಕ್ಕೆ ಸೇರಿದ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಹತ್ಯೆಯನ್ನು ನಡೆಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರಿದ ಸಮಯದಲ್ಲಿಯೂ ಅದರ ತರುವಾಯವೂ ಮುಸಲ್ಮಾನರ ಹತ್ಯೆಗಳು ನಡೆದವು; ಹೆಚ್ಚು ಹಾನಿಗೀಡಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದು ಪಂಡಿತ ಸುಂದರಲಾಲರ ಸಮಿತಿಯು ವರದಿಮಾಡಿತು; ಸಂಸ್ಥಾನದಲ್ಲೆಲ್ಲ ಸತ್ತವರನ್ನು ೨೭,೦೦೦ದಿಂದ ೪೦,೦೦೦ದವರೆಗೆ ಅಂದಾಜುಮಾಡಿತು. ಆ ವರದಿಯು ಬಹುಕಾಲ ಪ್ರಕಟವಾಗಲಿಲ್ಲ. ಈ ಪ್ರಾಂತದಲ್ಲಿ ಒಬ್ಬರ ಮನೆಯಲ್ಲಿ ಒಂದು ಅಂಗಿಯನ್ನು ಕಾದಿರಿಸಿದ್ದಾರೆ, ಇನ್ನೊಬ್ಬರ ಮನೆಯಲ್ಲಿ ಇನ್ನೊಂದನ್ನು; ತಮ್ಮ ತಮ್ಮ ಅಂಗಿಯ ನೆತ್ತರು ಮಾತ್ರ ನಿಜವೆಂದು ಇಬ್ಬರೂ ನಂಬುವಂತಾಗಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುತ್ತವೆ. ಹಳೆಯದನ್ನು ಮರೆತುಬಿಡಬೇಕೆಂಬುದು ಒಂದು. ಎಂದಿಗೂ ಬಿಡದೆ ಎತ್ತಿ ಆಡಬೇಕೆಂಬುದು ಇನ್ನೊಂದು. ಮೊದಲನೆಯದು ಸತ್ಯವಿಲ್ಲದ ಕ್ಷಮೆ, ಎರಡನೆಯದು ಕ್ಷಮೆಯಿಲ್ಲದ ಸತ್ಯ. ಯೂಸುಫ್ ಅಧ್ಯಾಯವು ಎರಡನ್ನೂ ಒಪ್ಪುವುದಿಲ್ಲ. ಸೆರೆಯ ಬಾಗಿಲು ತೆರೆದಿದ್ದರೂ ಸತ್ಯವು ಸ್ಥಾಪಿತವಾಗುವವರೆಗೆ ಹೊರಬರಲಾರೆನೆಂದವನೂ, ಸತ್ಯವು ಸ್ಥಾಪಿತವಾದ ಮೇಲೆ ಬಾವಿಯ ಹೆಸರನ್ನೇ ಎತ್ತದಿದ್ದವನೂ ಒಬ್ಬನೇ. ಈ ಎರಡು ನಡತೆಗಳಲ್ಲಿ ಒಂದನ್ನು ಮಾತ್ರ ಹಿಡಿಯುವವರು ಕಥೆಯ ಅರ್ಧವನ್ನು ಓದಿದವರು.

ಹುಮನಾಬಾದಿನ ಸಮೀಪದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಸ್ಥಾಪಿಸಿದ ಸಕಲಮತ ಸಂಪ್ರದಾಯವು ಎಲ್ಲ ಮತಗಳನ್ನೂ ಆದರಿಸಬೇಕೆನ್ನುತ್ತದೆ. ಆದರವು ಅರಿವಿನಿಂದ ದೃಢವಾಗುವುದು. ಅರಿವು ಮೂಲಗ್ರಂಥಗಳನ್ನು ಅವುಗಳ ಆದ್ಯಂತಗಳೊಂದಿಗೆ ಓದುವುದರಿಂದ ಬರುವುದು. ನಮ್ಮ ಪಾಠಶಾಲೆಗಳಲ್ಲಿ ಕಲಿಸುವ ತಾತ್ಪರ್ಯಲಿಂಗಗಳು ಈ ಕಾರ್ಯಕ್ಕೂ ಸಾಧನವಾಗಬಲ್ಲವೆಂಬುದನ್ನು ಒಂದು ಅಧ್ಯಾಯದ ಮಟ್ಟಿಗೆ ಇಲ್ಲಿ ತೋರಿಸಲಾಗಿದೆ. ಅರಬ್ಬಿಯನ್ನು ಚೆನ್ನಾಗಿ ಬಲ್ಲ ಕನ್ನಡ ವಿದ್ವಾಂಸರು ಈ ವಿಚಾರವನ್ನು ಇದಕ್ಕಿಂತ ಸೂಕ್ಷ್ಮವಾಗಿ ಮುಂದುವರಿಸುವರೆಂದು ಹಾರೈಸುತ್ತೇವೆ.